ಬಡವನ ಬೆಚ್ಚನೆ: ಕಂಬಳಿಯಿಂದ ಉಣ್ಣೆಯ ಉಂಡೆಯವರೆಗೆ

ಅನ್ನ, ಬಟ್ಟೆ, ವಸತಿ ಇವು ಮೂರು ಮನುಷ್ಯನ ಮೂಲಭೂತ ಅಗತ್ಯಗಳೆಂದು ವಾಣಿಜ್ಯಶಾಸ್ತ್ರದ ಪಠ್ಯಪುಸ್ತಕಗಳು ಹೇಳುತ್ತವೆ. ಉತ್ತರ ಹಿಂದೂಸ್ತಾನದ ಒಂದು ಚಳಿಗಾಲವನ್ನು ಕಳೆದವನನ್ನು ಕೇಳಿದರೆ ಅವನು ನಾಲ್ಕನೆಯದೊಂದನ್ನು ಸೇರಿಸುತ್ತಾನೆ: ಒಂದು ಬೆಚ್ಚನೆಯ ಹೊದಿಕೆ. ಅರಸರು ಹೊದ್ದ ಕಾಶ್ಮೀರಿ ಶಾಲುಗಳ ಬಗೆಗೆ ದಪ್ಪ ದಪ್ಪ ಗ್ರಂಥಗಳಿವೆ. ಆದರೆ ಕೋಟ್ಯಂತರ ಜನ ಹೊದ್ದು ಮಲಗಿದ ಅಗ್ಗದ ಹೊದಿಕೆಗೂ ಒಂದು ಚರಿತ್ರೆಯುಂಟು. ಅದು ಕುರಿಯ ಬೆನ್ನಿನಿಂದ ಹೊರಟು ಕುರುಬರ ಮಗ್ಗ, ಬೆಂಗಳೂರಿನ ಗಿರಣಿ, ಪಾಣಿಪತ್ತಿನ ಚಿಂದಿ ರಾಶಿಗಳನ್ನು ಹಾದು, ನಮ್ಮ ತಾಯಂದಿರ ಕೈಯ ಹೆಣಿಗೆ ಕಡ್ಡಿಯವರೆಗೆ ಬಂದಿರುವ ಚರಿತ್ರೆ. ದಿಲ್ಲಿಯ ಕನ್ನಡಿಗರಾದ ನಮಗೆ ಆ ಕಥೆಯ ಎರಡು ತುದಿಗಳೂ ಸಮೀಪವಾದವು. ಒಂದು ತುದಿ ನಾವು ಬಿಟ್ಟುಬಂದ ನಾಡಿನಲ್ಲಿದೆ. ಇನ್ನೊಂದು ನಾವು ನೆಲೆಸಿದ ಊರಿನಲ್ಲಿದೆ.

'ಕಂಬಲ' ಎಂಬುದು ಬಹು ಹಳೆಯ ಶಬ್ದ. ಅಥರ್ವವೇದದಲ್ಲಿಯೇ ಅದು ಕಾಣಿಸುತ್ತದೆ. ಬುದ್ಧನ ಸಮಕಾಲೀನನಾಗಿದ್ದ ಅಜಿತನೆಂಬ ದಾರ್ಶನಿಕನಿಗೆ 'ಕೇಶಕಂಬಲಿ' ಎಂಬ ಹೆಸರೇ ನಿಂತಿತು. ಕೂದಲಿನ ಕಂಬಳಿಯೊಂದೇ ಅವನ ಉಡುಗೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜನ ಕೋಶಕ್ಕೆ ಸೇರಬೇಕಾದ ವಸ್ತುಗಳ ಪಟ್ಟಿಯಲ್ಲಿ ಮುತ್ತು, ಮಾಣಿಕ್ಯ, ಶ್ರೀಗಂಧಗಳ ಜೊತೆಯಲ್ಲಿ ಕುರಿಯುಣ್ಣೆಯ ಬಟ್ಟೆಗಳೂ ಉಂಟು. ಎಂಟು ತುಂಡುಗಳನ್ನು ಕೂಡಿಸಿ ಮಾಡಿದ, ಮಳೆಯನ್ನು ತಡೆಯುವ, ನೇಪಾಳದ ಕರಿಯ ಕಂಬಳಿಯನ್ನು ಆತ ಬೇರೆಯಾಗಿ ಹೆಸರಿಸುತ್ತಾನೆ. ಮಳೆ ತಡೆಯುವ ಕರಿಯ ಕಂಬಳಿ ಎಂದೊಡನೆ ನಮ್ಮ ಮಲೆನಾಡಿನವರಿಗೆ ಕಂಬಳಿ ಕೊಪ್ಪೆಯ ನೆನಪು ಬಾರದಿರದು.

ಕನ್ನಡ ನಾಡಿನಲ್ಲಿ ಕಂಬಳಿ ಕೇವಲ ಹೊದಿಕೆಯಲ್ಲ. ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಮಡಿಸಿ ತಲೆಯ ಮೇಲೆ ಹಾಕಿಕೊಂಡರೆ ಕೊಡೆ. ಕಣದಲ್ಲಿ ಹರವಿದರೆ ಧಾನ್ಯಕ್ಕೆ ಜಮಖಾನ, ಹೆಗಲ ಮೇಲಿದ್ದರೆ ಕುರುಬನ ಗುರುತು. ಹಾಲುಮತದವರ ಆಚರಣೆಗಳಲ್ಲಿ ಕರಿಯ ಕಂಬಳಿಯ ಗದ್ದುಗೆ ಹಾಕದೆ ಬೀರಪ್ಪನ ಪೂಜೆ ಸಾಗದು. ಬಾಡದ ಕನಕದಾಸರನ್ನು ಚಿತ್ರಿಸುವವರು ಹೆಗಲ ಮೇಲೆ ಕಂಬಳಿಯನ್ನಿಡಲು ಮರೆಯುವುದಿಲ್ಲ. ಬಸವಣ್ಣನವರ ಚರಿತೆಯಲ್ಲಿ ಬರುವ ಶರಣ ಕಂಬಳಿಯ ನಾಗಿದೇವರ ಹೆಸರಿನಲ್ಲಿಯೇ ಕಂಬಳಿಯುಂಟು. ದೇವರ ಮುಂದೆ ಹಾಸುವ ವಸ್ತುವೂ ಅದೇ, ಕೊಟ್ಟಿಗೆಯಲ್ಲಿ ಹೊದೆಯುವ ವಸ್ತುವೂ ಅದೇ. ಇಂಥ ಸಮಾನತೆ ರೇಷ್ಮೆಗೆ ಎಂದಾದರೂ ಬಂದೀತೆ?

ಈ ಕಂಬಳಿ ಅಗ್ಗವಾಗಿ ದೊರೆಯುತ್ತಿದ್ದುದು ಹೇಗೆ? ಲೆಕ್ಕ ಬರೆಯುವ ಕಸುಬಿನವನಾದ ನನಗೆ ಈ ಪ್ರಶ್ನೆಯೇ ಮುಖ್ಯವಾಗಿ ತೋರುತ್ತದೆ. ದಖ್ಖನಿ ಮತ್ತು ಬಳ್ಳಾರಿ ತಳಿಯ ಕುರಿಗಳ ಉಣ್ಣೆ ಒರಟು. ಬಣ್ಣ ಹೆಚ್ಚಾಗಿ ಕಪ್ಪು, ಕಂದು, ಬೂದಿ. ಒಂದು ಕುರಿ ವರ್ಷಕ್ಕೆ ಕೊಡುವ ಉಣ್ಣೆ ಅರ್ಧ ಕಿಲೋ ಆಸುಪಾಸು. ಎರಡು ಎರಡೂವರೆ ಕಿಲೋ ತೂಗುವ ಒಂದು ಕಂಬಳಿಗೆ ನಾಲ್ಕೈದು ಕುರಿಗಳ ಒಂದು ವರ್ಷದ ಉಣ್ಣೆ ಬೇಕು. ವರ್ಷಕ್ಕೆ ಎರಡು ಬಾರಿ ಕತ್ತರಿ ಹಾಕಿ ಉಣ್ಣೆ ತೆಗೆದು, ಬಿಲ್ಲಿನ ಹುರಿಯಿಂದ ಮಿಡಿದು ಹಿಂಜಿ, ಹೆಂಗಸರು ರಾಟೆಯ ಮೇಲೆ ನೂಲುತ್ತಾರೆ. ಆ ನೂಲನ್ನು ಹಾಸು ಹೂಡಿ, ಹುಣಸೆ ಬೀಜವನ್ನು ಅರೆದು ಕಾಯಿಸಿದ ಸರಿಯನ್ನು ಕುಂಚದಿಂದ ಹಚ್ಚಿ ಒಣಗಿಸಿ, ಗಂಡಸರು ಕುಣಿ ಮಗ್ಗದಲ್ಲಿ ನೇಯುತ್ತಾರೆ. ಹುಣಸೆ ಬೀಜದ ಸರಿಯಿಂದ ನೂಲು ಬಿಗಿಯಾಗುತ್ತದೆ, ಹೊಸ ಕಂಬಳಿ ಬಿರುಸಾಗಿ ನಿಲ್ಲುತ್ತದೆ. ಉಣ್ಣೆಯಲ್ಲಿ ಸಹಜವಾಗಿರುವ ಜಿಡ್ಡು ನೀರನ್ನು ಜಾರಿಸುತ್ತದೆ. ಮಲೆನಾಡಿನ ಜಡಿಮಳೆಯಲ್ಲಿ ಗದ್ದೆಗಿಳಿದವನ ಬೆನ್ನು ಒಣಗಿರುತ್ತಿದ್ದ ಗುಟ್ಟು ಇದು.

ಇಷ್ಟು ದುಡಿಮೆಯ ವಸ್ತು ಅಗ್ಗವಾಗಿತ್ತೆಂದರೆ ಆ ದುಡಿಮೆಯನ್ನು ಯಾರೂ ಖರ್ಚಿನ ಬದಿಗೆ ಬರೆಯುತ್ತಿರಲಿಲ್ಲವೆಂದೇ ಅರ್ಥ. ಕುರಿ ಮನೆಯದು, ನೂಲುವವಳು ಮನೆಯಾಕೆ, ನೇಯುವವನು ಮನೆಯಾತ. ರೈತನ ಹೊಲದಲ್ಲಿ ಕುರಿಮಂದೆ ನಿಲ್ಲಿಸಿದರೆ ಗೊಬ್ಬರಕ್ಕೆ ಪ್ರತಿಯಾಗಿ ಕಾಳು ಬರುತ್ತಿತ್ತು. ಮರಿ ಮಾರಿದರೆ ನಗದು ಬರುತ್ತಿತ್ತು. ಉಣ್ಣೆ ಆ ಸಂಸಾರದ ಹಲವು ಆದಾಯಗಳಲ್ಲಿ ಒಂದು ಮಾತ್ರ. ಹೀಗೆ ಬಡವನೇ ಬಡವನಿಗೆ ಬೆಚ್ಚನೆಯನ್ನು ಅಗ್ಗವಾಗಿ ಒದಗಿಸಿದನು. ಅಷ್ಟಾದರೂ ಅರಸೊತ್ತಿಗೆ ಅವನನ್ನು ಸುಮ್ಮನೆ ಬಿಡಲಿಲ್ಲ. ವಿಜಯನಗರ ಕಾಲದ ಶಾಸನಗಳಲ್ಲಿ 'ಮಗ್ಗದೆರೆ' ಎಂಬ ತೆರಿಗೆ ಮತ್ತೆ ಮತ್ತೆ ಬರುತ್ತದೆ.

ಟಿಪ್ಪುವಿನ ಪತನಾನಂತರ 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕುರುಬರ ಕಂಬಳಿ ನೇಯ್ಗೆಯನ್ನೂ ಗಮನಿಸಿದನು. ಅವನ ಪ್ರವಾಸ ವೃತ್ತಾಂತ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಇಂಗ್ಲಿಷರ ಬಾಯಲ್ಲಿ ಕಂಬಳಿ 'ಕಂಬ್ಲಿ', 'ಕಮ್ಲಿ' ಎಂದಾಗಿ, 1886ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ಎಂಬ ಪ್ರಸಿದ್ಧ ನಿಘಂಟಿನಲ್ಲಿ ಜಾಗ ಪಡೆಯಿತು. ಹೀಗೆ ನಮ್ಮ ಕಂಬಳಿ ಇಂಗ್ಲಿಷ್ ನಿಘಂಟನ್ನು ಹೊಕ್ಕ ಕಾಲದಲ್ಲಿಯೇ ಅದರ ಎದುರಾಳಿಯೂ ತಲೆಯೆತ್ತಿತು.

ಆ ಎದುರಾಳಿ ಉಗಿಯಂತ್ರದ ಗಿರಣಿ. 1876ರಲ್ಲಿ ಕಾನಪುರದಲ್ಲಿ ಉಣ್ಣೆಯ ಗಿರಣಿ ಸ್ಥಾಪಿತವಾಯಿತು. ಮುಂದೆ ಅದು 'ಲಾಲ್ ಇಮ್ಲಿ' ಎಂದು ಮನೆಮಾತಾಯಿತು. 1880ರಲ್ಲಿ ಪಂಜಾಬಿನ ಧಾರಿವಾಲದ ಗಿರಣಿ ಬಂದಿತು. 1884ರಲ್ಲಿ ಬೆಂಗಳೂರಿನಲ್ಲಿ ಉಣ್ಣೆ, ಹತ್ತಿ, ರೇಷ್ಮೆ ಮೂರಕ್ಕೂ ಸೇರಿದ ಗಿರಣಿ ಆರಂಭವಾಗಿ ಬೇಗನೆ ಬಿನ್ನಿ ಕಂಪೆನಿಯ ಆಡಳಿತಕ್ಕೆ ಬಂದಿತು. ಬೆಂಗಳೂರಿಗರು ಅದನ್ನು 'ಬಿನ್ನಿ ಮಿಲ್' ಎಂದೇ ಬಲ್ಲರು. 1925ರಲ್ಲಿ ಠಾಣೆಯಲ್ಲಿ ಹುಟ್ಟಿದ ರೇಮಂಡ್ ಗಿರಣಿ ಸೂಟಿನ ಬಟ್ಟೆಗೆ ಹೆಸರಾದದ್ದು ಅನಂತರ. ಮೊದಮೊದಲು ಅದು ನೇಯ್ದದ್ದು ಒರಟು ಕಂಬಳಿ ಮತ್ತು ಅಗ್ಗದ ಉಣ್ಣೆಬಟ್ಟೆಯನ್ನು. ಈ ಗಿರಣಿಗಳನ್ನು ಬೆಳೆಸಿದ್ದು ಮುಖ್ಯವಾಗಿ ಸೈನ್ಯ. ಸಿಪಾಯಿಗೆ ಕಂಬಳಿ ಬೇಕು, ಸಾವಿರಗಟ್ಟಲೆ ಬೇಕು, ಎಲ್ಲವೂ ಒಂದೇ ಅಳತೆ ಒಂದೇ ಬಣ್ಣದಲ್ಲಿ ಬೇಕು. ಇದು ಕುಣಿ ಮಗ್ಗದಿಂದ ಆಗುವ ಕೆಲಸವಲ್ಲ. ಎರಡು ಮಹಾಯುದ್ಧಗಳಲ್ಲಿ ಗಿರಣಿಗಳು ಹಗಲಿರುಳು ಓಡಿದವು.

ಗಿರಣಿಯ ಮೆತ್ತನೆಯ ರಗ್ಗು ಪೇಟೆಯವರ ಮನೆಗೆ ಬಂದ ಮೇಲೆ ಕಂಬಳಿ 'ಹಳ್ಳಿಯವರದು', 'ಚುಚ್ಚುತ್ತದೆ' ಎಂಬ ಮಾತು ಶುರುವಾಯಿತು. ಕಂಬಳಿಯ ಮೇಲೆ ಕುಳಿತು ಉಂಡವನು ಎಲೆಯಲ್ಲಿ ಕೂದಲು ಹುಡುಕಬಾರದೆಂಬ ಹಳೆಯ ತಿಳಿವಳಿಕೆ ಮರೆಯಾಯಿತು. ಮದುವೆಯ ಚಾಪೆಗಳ ಮೇಲೆ ಜಮಖಾನ ಬಂದಿತು, ಹೆಗಲ ಕಂಬಳಿ ಮೂಲೆ ಸೇರಿತು. ಆದರೂ ರಗ್ಗನ್ನೂ ಕೊಳ್ಳಲಾರದ ಮನೆಗಳು ನಾಡಿನಲ್ಲಿ ಬೇಕಾದಷ್ಟಿದ್ದವು. ಅಲ್ಲಿ ಕೌದಿ ಇತ್ತು. ಉತ್ತರ ಕರ್ನಾಟಕದ ತಾಯಂದಿರು ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಇಟ್ಟು ದಾರ ಓಡಿಸಿ ಹೊಲಿದ ಆ ಹೊದಿಕೆಗೆ ಖರ್ಚೆಂಬುದು ದಾರ ಮತ್ತು ಸೂಜಿ ಮಾತ್ರ. ಯಲ್ಲಾಪುರ, ಹಳಿಯಾಳಗಳ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗಳನ್ನು ಇಂದು ದೂರದೇಶದವರೂ ಕಲೆಯೆಂದು ಕೊಂಡಾಡುತ್ತಾರೆ. ಹೊಲಿದವರಿಗೆ ಮಾತ್ರ ಅದು ಮೊದಲು ಮಗುವಿನ ಚಳಿಯ ಪ್ರಶ್ನೆಯಾಗಿತ್ತು.

ಇನ್ನು ಹೆಣಿಗೆಯ ಮಾತು. ನೇಯ್ಗೆಗೆ ಹಾಸು ಮತ್ತು ಹೊಕ್ಕು ಎಂದು ಎರಡು ನೂಲು ಬೇಕು, ಮಗ್ಗ ಬೇಕು, ಮಗ್ಗ ಹೂಡಲು ಜಾಗ ಬೇಕು. ಹೆಣಿಗೆಗೆ ಒಂದೇ ನೂಲು ಸಾಕು. ಕುಣಿಕೆಯೊಳಗಿಂದ ಕುಣಿಕೆಯನ್ನು ಎಳೆಯುತ್ತ ಹೋದರೆ ಬಟ್ಟೆ ಬೆಳೆಯುತ್ತದೆ. ಇದು ನಮ್ಮಲ್ಲಿ ಹುಟ್ಟಿದ ವಿದ್ಯೆಯಲ್ಲ. ಈಜಿಪ್ಟಿನಲ್ಲಿ ದೊರೆತ, ಸುಮಾರು 11ರಿಂದ 14ನೆಯ ಶತಮಾನದ ನಡುವಿನ ಹತ್ತಿಯ ಕಾಲುಚೀಲಗಳು ಇದರ ಅತಿ ಹಳೆಯ ನಿದರ್ಶನಗಳಲ್ಲಿ ಸೇರಿವೆ. ಅಲ್ಲಿಂದ ಯೂರೋಪಿಗೆ ಹೋದ ಈ ವಿದ್ಯೆ ಇಂಗ್ಲೆಂಡಿನಲ್ಲಿ ಬಡವರ ಮನೆಗೆಲಸವಾಗಿ ಹಬ್ಬಿತು. 1589ರಲ್ಲಿ ವಿಲಿಯಂ ಲೀ ಎಂಬ ಪಾದ್ರಿ ಕಾಲುಚೀಲ ಹೆಣೆಯುವ ಯಂತ್ರವನ್ನು ನಿರ್ಮಿಸಿದಾಗ, ಕೈಹೆಣಿಗೆಯ ಬಡವರ ಅನ್ನಕ್ಕೆ ಕಲ್ಲು ಬೀಳುವುದೆಂದು ಎಲಿಜಬೆತ್ ರಾಣಿ ಅವನಿಗೆ ಸನದು ಕೊಡಲಿಲ್ಲವೆಂದು ಕಥೆಯುಂಟು. ಕಥೆ ನಿಜವಿರಲಿ ಇಲ್ಲದಿರಲಿ, ಅಗ್ಗದ ಬಟ್ಟೆ ಬಂದಾಗಲೆಲ್ಲ ಯಾರದೋ ಕೂಲಿ ಹೋಗುವುದೆಂಬ ಭಯ ನಿಜವಾದದ್ದೇ.

ಭಾರತದ ಮನೆಗಳಿಗೆ ಹೆಣಿಗೆ ಬಂದದ್ದು 19ನೆಯ ಶತಮಾನದಲ್ಲಿ, ಮಿಶನರಿ ಶಾಲೆಗಳ ಮತ್ತು ಇಂಗ್ಲಿಷ್ ಕುಟುಂಬಗಳ ಸಹವಾಸದಿಂದ. ಲುಧಿಯಾನ ಉಣ್ಣೆ ಹೆಣಿಗೆಯ ಕೇಂದ್ರವಾಗಿ ಬೆಳೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೆಡ್ ಕ್ರಾಸ್ ಮೂಲಕ ಸೈನಿಕರಿಗಾಗಿ ಹೆಣೆಯುವ ಮಹಿಳಾ ಕೂಟಗಳು ನಡೆದವು. ಆದರೆ ಹೆಣಿಗೆ ಸಾಮಾನ್ಯರ ದೇಶಸೇವೆಯಾದದ್ದು 1962ರ ಚೀನೀ ಆಕ್ರಮಣದ ಸಂದರ್ಭದಲ್ಲಿ. ಹಿಮಾಲಯದ ಶಿಖರಗಳಲ್ಲಿ ನಮ್ಮ ಜವಾನರು ಸರಿಯಾದ ಬೆಚ್ಚನೆಯ ಉಡುಪಿಲ್ಲದೆ ಕಾದಾಡಿದರೆಂಬ ಸುದ್ದಿ ಬಂದೊಡನೆ ದೇಶದ ಉದ್ದಗಲಕ್ಕೂ ಹೆಂಗಸರು, ಶಾಲೆಯ ಹುಡುಗಿಯರು ಕಡ್ಡಿ ಹಿಡಿದು ಕುಳಿತರು. ಚಳಿಯನ್ನೇ ಅರಿಯದ ಕರಾವಳಿಯ ಪಟ್ಟಣಗಳಲ್ಲಿಯೂ ಸ್ವೆಟರುಗಳು ಸಿದ್ಧವಾದವು.

ದಿಲ್ಲಿಗೆ ನೌಕರಿಗಾಗಿ ಬಂದ ಕನ್ನಡ ಕುಟುಂಬಗಳು ಹೆಣಿಗೆಯನ್ನು ಕಲಿತದ್ದು ನೆರೆಮನೆಯ ಪಂಜಾಬಿ ತಾಯಂದಿರಿಂದ. ಸರ್ಕಾರಿ ಕ್ವಾರ್ಟರುಗಳ ಅಂಗಳದಲ್ಲಿ ಚಳಿಗಾಲದ ಮಧ್ಯಾಹ್ನ, ಬಿಸಿಲಿಗೆ ಬೆನ್ನು ಕೊಟ್ಟು, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧಂಬರ್ಧ ತಿಳಿಯುತ್ತಿದ್ದರೂ, ಕುಣಿಕೆಯ ಲೆಕ್ಕ ಮಾತ್ರ ಪೂರ್ತಿ ತಿಳಿಯುತ್ತಿತ್ತು. ಊರು ಬಿಟ್ಟು ಬಂದವರಿಗೆ ಈ ವಿದ್ಯೆ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಮಗ್ಗವನ್ನು ರೈಲಿನಲ್ಲಿ ಹೊತ್ತು ತರಲಾಗದು. ಎರಡು ಕಡ್ಡಿ ಮತ್ತು ಒಂದು ಉಂಡೆ ಕೈಚೀಲದಲ್ಲಿ ಹಿಡಿಯುತ್ತವೆ. ವರ್ಗಾವಣೆಯ ಸಂಸಾರಕ್ಕೆ ಇದಕ್ಕಿಂತ ಅನುಕೂಲವಾದ ಕೈಕಸುಬು ಬೇರೆ ಯಾವುದು?

ಉಣ್ಣೆನೂಲು ಆಗ ಅಗ್ಗದ ವಸ್ತುವಾಗಿರಲಿಲ್ಲ. ಆದಕಾರಣ ನಮ್ಮ ಹಿರಿಯ ತಾಯಂದಿರು ಒಂದು ಉಪಾಯವನ್ನು ಕಂಡುಕೊಂಡಿದ್ದರು. ಮಗನಿಗೆ ಬಿಗಿಯಾದ ಸ್ವೆಟರನ್ನು ಬಿಚ್ಚಿ, ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ತೊಳೆದು, ಸುರುಳಿ ಬಿಡಲೆಂದು ಕೆಳಗೆ ಸಣ್ಣ ಭಾರ ಕಟ್ಟಿ ಒಣಗಿಸಿ, ಮತ್ತೆ ಉಂಡೆ ಸುತ್ತುತ್ತಿದ್ದರು. ಆ ನೂಲಿನಿಂದ ತಂಗಿಗೆ ಟೊಪ್ಪಿಗೆ, ಮಿಕ್ಕದ್ದರಿಂದ ಅಂಗೈಯಗಲದ ಚೌಕಗಳು. ಚೌಕಗಳು ಸಾಕಷ್ಟು ಸೇರಿದ ಮೇಲೆ ಒಂದಕ್ಕೊಂದು ಹೊಲಿದರೆ ಹೊದಿಕೆ. ನಿಜವಾಗಿ ನೋಡಿದರೆ ಇದು ಊರಿನ ಕೌದಿಯೇ. ಸೀರೆಯ ತುಂಡಿನ ಬದಲಿಗೆ ಉಣ್ಣೆಯ ಚೌಕ ಬಂದಿತು, ಅಷ್ಟೆ. ಪರವೂರಿನಲ್ಲಿ ಕಲಿತ ವಿದ್ಯೆಯೊಳಗೆ ತವರಿನ ಜಾಣ್ಮೆ ಹೀಗೆ ಸದ್ದಿಲ್ಲದೆ ಸೇರಿಕೊಂಡಿತು.

ಹೆಣೆದ ಹೊದಿಕೆ ಬೆಚ್ಚಗಿರುವುದು ನೂಲಿನಿಂದಷ್ಟೇ ಅಲ್ಲ, ನೂಲಿನ ನಡುವೆ ಸಿಕ್ಕಿಬಿದ್ದ ಗಾಳಿಯಿಂದ. ನಿಂತ ಗಾಳಿ ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಕುರಿಯ ಉಣ್ಣೆಯ ಎಳೆ ಸಹಜವಾಗಿಯೇ ಸುಕ್ಕುಸುಕ್ಕಾಗಿರುವುದರಿಂದ ಗಾಳಿ ಹಿಡಿಯಲು ಅದಕ್ಕೆ ಸಮನಿಲ್ಲ. ಜೊತೆಗೆ ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆಯೆನಿಸುವುದಿಲ್ಲ. ಕಿಡಿ ಬಿದ್ದರೂ ಭುಗಿಲ್ಲೆಂದು ಹತ್ತಿಕೊಳ್ಳುವುದಿಲ್ಲ.

1950ರ ಸುಮಾರಿಗೆ ಅಮೆರಿಕದ ಡ್ಯೂಪಾಂಟ್ ಕಂಪೆನಿ ಆರ್ಲಾನ್ ಎಂಬ ಕೃತಕ ಎಳೆಯನ್ನು ಮಾರುಕಟ್ಟೆಗೆ ತಂದಿತು. ಆಕ್ರಿಲಿಕ್ ಎಂಬ ಈ ಜಾತಿಯ ನೂಲು ಕಲ್ಲೆಣ್ಣೆಯ ಸಂತಾನ. ನಮ್ಮ ಮನೆಗಳಿಗೆ ಅದು 'ಕ್ಯಾಶ್‌ಮಿಲಾನ್' ಎಂಬ ಹೆಸರಿನಿಂದ ಪರಿಚಯವಾಯಿತು. ಬೆಲೆ ಕಡಿಮೆ, ಬಣ್ಣ ಹೇರಳ, ನುಸಿ ತಿನ್ನದು, ಬಕೆಟ್ಟಿನಲ್ಲಿ ಒಗೆದರೆ ಕುಗ್ಗದು, ಮೈಗೆ ಚುಚ್ಚದು. ಸಂಬಳ ನೋಡಿ ಸಂಸಾರ ನಡೆಸುವವರಿಗೆ ಇದಕ್ಕಿಂತ ಬೇಕಾದದ್ದೇನು? ಉಣ್ಣೆಯ ಸ್ವೆಟರನ್ನು ಕನಸಿನಲ್ಲಿಯೂ ಕಾಣದಿದ್ದ ಮಕ್ಕಳು ಇದರಿಂದ ಬೆಚ್ಚಗಾದರೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಇದರ ದೋಷಗಳೂ ಉಂಟು: ಬೆವರು ಹೀರದು, ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ, ಮಣ್ಣಿಗೆ ಬಿದ್ದರೆ ಬಹುಕಾಲ ಕೊಳೆಯದು.

ಅಗ್ಗದ ಬೆಚ್ಚನೆಯ ಇನ್ನೊಂದು ದಾರಿ ದಿಲ್ಲಿಯಿಂದ ಸುಮಾರು 90 ಕಿಲೋಮೀಟರು ದೂರದ ಪಾಣಿಪತ್ತಿನಲ್ಲಿದೆ. ಮೂರು ಯುದ್ಧಗಳಿಗೆ ಹೆಸರಾದ ಆ ಊರು ಕಂಬಳಿಗೂ ಹೆಸರಾದದ್ದು. 1947ರ ದೇಶವಿಭಜನೆಯಲ್ಲಿ ಅಲ್ಲಿನ ಹಳೆಯ ಮುಸಲ್ಮಾನ ನೇಕಾರರು ಹೊರಟುಹೋದರು. ಪಶ್ಚಿಮ ಪಂಜಾಬಿನಿಂದ ನಿರಾಶ್ರಿತರಾಗಿ ಬಂದ ನೇಕಾರರು ಮಗ್ಗ ಹೂಡಿದರು. ಮುಂದೆ ಆ ಊರು ಹಳೆಯ ಉಣ್ಣೆ ಬಟ್ಟೆಯಿಂದ ಹೊಸ ನೂಲು ತೆಗೆಯುವ ದೊಡ್ಡ ಕೇಂದ್ರವಾಯಿತು. ಈ ವಿದ್ಯೆಯನ್ನು ಇಂಗ್ಲೆಂಡಿನ ಯಾರ್ಕ್‌ಶೈರಿನ ಬ್ಯಾಟ್ಲಿಯಲ್ಲಿ ಬೆಂಜಮಿನ್ ಲಾ ಎಂಬಾತ 1813ರಲ್ಲಿ ಆರಂಭಿಸಿದನೆಂದು ಹೇಳುತ್ತಾರೆ. ಆ ನೂಲಿಗೆ ಶಾಡಿ ಎಂದು ಹೆಸರು. ಸಿರಿವಂತ ದೇಶಗಳ ಜನ ಎಸೆದ ಕೋಟು, ಸ್ವೆಟರುಗಳು ಮೂಟೆ ಮೂಟೆಯಾಗಿ ಪಾಣಿಪತ್ತಿಗೆ ಬಂದವು. ಹೆಂಗಸರು ಕುಳಿತು ಗುಂಡಿ, ಜಿಪ್ಪುಗಳನ್ನು ಕಿತ್ತು, ಬಣ್ಣವಾರು ರಾಶಿ ಹಾಕಿದರು. ಯಂತ್ರ ಅದನ್ನು ಚಿಂದಿ ಮಾಡಿ ಮತ್ತೆ ನೂಲಾಗಿಸಿತು. ಬಣ್ಣವಾರು ವಿಂಗಡಿಸಿದ್ದರಿಂದ ಬಣ್ಣ ಹಾಕುವ ಖರ್ಚೂ ಉಳಿಯಿತು. ಭೂಕಂಪ, ಪ್ರವಾಹಗಳಾದಾಗ ಪರಿಹಾರ ಸಂಸ್ಥೆಗಳು ಹಂಚಿದ ಬೂದುಬಣ್ಣದ ಕಂಬಳಿಗಳಲ್ಲಿ ಬಹುಪಾಲು ಈ ಊರಿನವು. ಆ ಕಂಬಳಿಯ ನಿಜವಾದ ಬೆಲೆಯಲ್ಲಿ ಅಲ್ಲಿನ ಕೆಲಸಗಾರರ ಎದೆಗೆ ಹೋದ ಧೂಳನ್ನೂ ಸೇರಿಸಬೇಕು. ಯಾವ ರಸೀತಿಯಲ್ಲಿಯೂ ಅದು ಬರೆದಿರುವುದಿಲ್ಲ. ಈಚಿನ ವರ್ಷಗಳಲ್ಲಿ ಅಲ್ಲಿಯೂ ಪಾಲಿಯೆಸ್ಟರಿನ ನುಣುಪು ಹೊದಿಕೆ ಶಾಡಿಯನ್ನು ಹಿಂದೆ ಹಾಕಿದೆ.

ಈ ನಡುವೆ ನಮ್ಮ ಕಂಬಳಿಯ ಗತಿಯೇನು? ಬಿನ್ನಿ ಗಿರಣಿ ಈ ಶತಮಾನದ ಆರಂಭದ ಹೊತ್ತಿಗೆ ಸದ್ದಡಗಿತು. ಗಿರಣಿ ಗೆದ್ದಿತೆಂದು ನಾವು ತಿಳಿದಿದ್ದರೆ, ಗೆದ್ದವನೂ ಉಳಿಯಲಿಲ್ಲ. ಚಳ್ಳಕೆರೆಯ ಸುತ್ತಿನಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಕಂಬಳಿ ನೇಯ್ಗೆ ಇನ್ನೂ ಜೀವ ಹಿಡಿದುಕೊಂಡಿದೆ. ಆದರೆ ದಖ್ಖನಿನ ಎಷ್ಟೋ ಕಡೆ ಕುರಿಯ ಉಣ್ಣೆ ಕತ್ತರಿಸುವ ಕೂಲಿ ಉಣ್ಣೆಯಿಂದ ಬರುವ ಹಣಕ್ಕಿಂತ ಹೆಚ್ಚಾಗಿದೆ. ಕತ್ತರಿಸಿದ ಉಣ್ಣೆಯನ್ನು ಬೇಲಿಯ ಬದಿಗೆ ಎಸೆಯುವುದುಂಟು, ಉಣ್ಣೆಯೇ ಇಲ್ಲದ ಮಾಂಸದ ತಳಿಗೆ ಬದಲಾದ ಕುರಿಗಾರರೂ ಉಂಟು. ದೂರದೇಶದ ಹಳೆಯ ಕೋಟನ್ನು ಹಡಗಿನಲ್ಲಿ ತರಿಸಿ ಕಂಬಳಿ ಮಾಡಿದ ದೇಶದಲ್ಲಿಯೇ ಕುರಿಯ ಬೆನ್ನಿನ ಹೊಸ ಉಣ್ಣೆ ಬೇಲಿಗೆ ಬಿದ್ದಿತೆಂಬುದು ಯಾವ ಲೆಕ್ಕಪುಸ್ತಕಕ್ಕೂ ಒಗ್ಗದ ಸಂಗತಿ.

ಹಾಗೆಂದು ಎಲ್ಲರೂ ಕಂಬಳಿಯನ್ನೇ ಹೊದೆಯಿರಿ, ಕೃತಕ ನೂಲನ್ನು ಮುಟ್ಟಬೇಡಿರಿ ಎಂದು ಉಪದೇಶಿಸುವುದು ನನ್ನ ಉದ್ದೇಶವಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ನಮ್ಮ ಹಿರಿಯರಿಗೆ ಬಡತನದ ಲೆಕ್ಕ ಚೆನ್ನಾಗಿ ಗೊತ್ತಿತ್ತು; ಅಗ್ಗದ ನೂಲಿನಿಂದ ಬೆಚ್ಚಗಾದ ಮಗುವಿಗಿಂತ ಮಿಗಿಲಾದ ತತ್ತ್ವವಿಲ್ಲ. ಆದರೆ ಅಗ್ಗವೆಂಬುದು ಆಕಾಶದಿಂದ ಬೀಳುವುದಿಲ್ಲ. ಒಂದು ಕಾಲದಲ್ಲಿ ಅದನ್ನು ಕುರುಬರ ಮನೆಯ ಎಣಿಸದ ದುಡಿಮೆ ತೆತ್ತಿತು. ಇನ್ನೊಂದು ಕಾಲದಲ್ಲಿ ಚಿಂದಿ ಬಿಡಿಸುವವರ ಉಸಿರು ತೆತ್ತಿತು. ಈಗ ಮಣ್ಣು, ನೀರು ತೆರುತ್ತಿವೆ. ತಾಯಂದಿರು ಬಿಚ್ಚಿ ಹೆಣೆದ ಚೌಕದ ಹೊದಿಕೆಯೊಂದರಲ್ಲಿ ಮಾತ್ರ ಬೆಲೆ ತೆತ್ತವರೂ ಹೊದ್ದವರೂ ಒಂದೇ ಮನೆಯವರಾಗಿದ್ದರು. ಅದರ ಗೌರವ ದೊಡ್ಡದು.

ಈ ವಿದ್ಯೆ ಒಟ್ಟುಗೂಡಿದರೆ ಏನಾಗಬಲ್ಲದೆಂಬುದಕ್ಕೆ ಸಮೀಪದ ಉದಾಹರಣೆಯೊಂದುಂಟು. 2016ರ ಜನವರಿ 31ರಂದು ಚೆನ್ನೈಯಲ್ಲಿ 'ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್' ಎಂಬ ಮಹಿಳೆಯರ ಕೂಟ ಮನೆಮನೆಯಲ್ಲಿ ಕೊಕ್ಕೆ ಕಡ್ಡಿಯಿಂದ ಹೆಣೆದ ತುಂಡುಗಳನ್ನು ಕೂಡಿಸಿ 11,148.5 ಚದರ ಮೀಟರಿನ ಹೊದಿಕೆಯನ್ನು ಹಾಸಿ ಗಿನ್ನೆಸ್ ದಾಖಲೆ ಪಡೆಯಿತು. ಚಳಿಯೇ ಇಲ್ಲದ ಊರಿನಲ್ಲಿ ಇಷ್ಟಾಗಬಹುದಾದರೆ ದಿಲ್ಲಿಯಲ್ಲಿ ಆಗದೆ?

ಲೆಕ್ಕ ಬಹಳ ಸುಲಭ. ಐದು ಅಡಿ ಅಗಲ, ಆರು ಅಡಿ ಉದ್ದದ ಹೊದಿಕೆಗೆ ಆರು ಅಂಗುಲದ ಚೌಕಗಳು ಅಡ್ಡಕ್ಕೆ ಹತ್ತು, ಉದ್ದಕ್ಕೆ ಹನ್ನೆರಡು, ಒಟ್ಟು 120 ಬೇಕು. ಒಂದು ಚೌಕಕ್ಕೆ ಹತ್ತು ಹನ್ನೆರಡು ಗ್ರಾಂ ನೂಲು. ಇಡೀ ಹೊದಿಕೆಗೆ ಒಂದೂಕಾಲು ಕಿಲೋ ಆಸುಪಾಸು. ಕಲಿತ ಕೈಗೆ ಒಂದು ಚೌಕ ಒಂದು ಸಂಜೆಯ ಕೆಲಸ. ಹೆಣಿಗೆಯಲ್ಲಿ ಅತ್ಯಂತ ಸರಳವಾದ, ಎರಡು ಬದಿಯೂ ಒಂದೇ ಆಗಿ ಕಾಣುವ ಸಾದಾ ಹೆಣಿಗೆ ಸಾಕು. ಪ್ರತಿ ಮನೆಯ ಅಟ್ಟದಲ್ಲಿರುವ ಹಳೆಯ ಸ್ವೆಟರೊಂದನ್ನು ಬಿಚ್ಚಿದರೆ ನೂಲನ್ನು ಕೊಳ್ಳಲೂ ಬೇಕಿಲ್ಲ. ನೂರಿಪ್ಪತ್ತು ಮನೆಯವರು ಒಂದೊಂದು ಚೌಕ ತಂದರೆ ಒಂದು ಹೊದಿಕೆ. ಹತ್ತು ಹತ್ತು ತಂದರೆ ಹತ್ತು ಹೊದಿಕೆ. ಜನವರಿಯ ಮಂಜಿನಲ್ಲಿ ಈ ಮಹಾನಗರದ ರಾತ್ರಿ ತಂಗುದಾಣಗಳಲ್ಲಿ, ಮೇಲ್ಸೇತುವೆಗಳ ಕೆಳಗೆ ಮಲಗುವವರಲ್ಲಿ ನಮ್ಮ ನಾಡಿನಿಂದ ಕೂಲಿಗೆ ಬಂದವರೂ ಇರಬಹುದು, ಇಲ್ಲದಿರಬಹುದು. ಚಳಿಗೆ ಭಾಷೆಯಿಲ್ಲ.

ಹೆಣೆಯಬಲ್ಲ ಹಿರಿಯ ತಾಯಂದಿರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರ ಬೆರಳುಗಳಿಗೆ ನೆನಪಿರುವುದನ್ನು ನಮ್ಮ ಮಕ್ಕಳು ಕಲಿಯಬೇಕಾದದ್ದು ಈಗ. ಇನ್ನು ಹತ್ತು ವರ್ಷದ ಮೇಲೆ ಕಲಿಸುವವರು ಸಿಕ್ಕುವರೆಂಬ ಭರವಸೆಯಿಲ್ಲ. ಊರಿಗೆ ಹೋದಾಗ ಸಂತೆಯಲ್ಲಿ ಕಂಬಳಿ ಕಂಡರೆ ಚೌಕಾಸಿ ಮಾಡದೆ ಒಂದನ್ನು ಕೊಂಡು ತನ್ನಿ. ನೇಯ್ದವನ ದುಡಿಮೆಯನ್ನು ಈ ಸಲವಾದರೂ ಖರ್ಚಿನ ಬದಿಗೆ ಬರೆದಂತಾಗುತ್ತದೆ. ರಾಜ್ಯೋತ್ಸವವೂ ದಿಲ್ಲಿಯ ಚಳಿಯೂ ಒಂದೇ ತಿಂಗಳಿನಲ್ಲಿ ಕಾಲಿಡುತ್ತವೆ. ತಾಯಿ ಭುವನೇಶ್ವರಿಯ ಪಟಕ್ಕೆ ಹೂವಿನ ಹಾರ ಹಾಕಿದ ಕೈಗಳು ಅದೇ ವಾರ ಹೆಣಿಗೆ ಕಡ್ಡಿಯನ್ನೂ ಹಿಡಿಯಲಿ.